ನವಸಾಗರದ ಹವಾ ತಡೆದ ಹುಲ್ಲಪ್ಪ

ಬಾಗಲಕೋಟೆಯ ಕಿಲ್ಲಾದ ಹಿಂದಿನ ಓಣಿಯಲ್ಲಿ ಒಂದು ಬರ್ಫಿನ ಕಾರಖಾನೆ ಇತ್ತು. ಇವತ್ತಿನ ಮಂದಿಯನ್ನು ಕೇಳಿದರೆ, “ಯಂಕಪ್ಪ ಸಾವಕಾರ್ರು ಭಾಳ ಶಾಣ್ಯಾರು, ಅವರ ಕಾರಖಾನಿ ಹವಾ ಸೋರಿ ಓಣಿಯಾಗ ಒಂದು ಜೀವ ಸತ್ತಿಲ್ಲ” ಅನ್ನುತ್ತಾರೆ. ಸತ್ತಿಲ್ಲ, ಖರೆ. ಆದರೆ ಅದು ಸಾವಕಾರನ ಶಾಣ್ಯಾತನ ಅಂದರೆ ನನಗೆ ಮೈ ಉರಿಯುತ್ತದೆ. ಆ ಕಾರಖಾನೆಯಿಂದ ಸ್ಟೇಶನ್ನಿಗೆ ಬರ್ಫಿನ ಗಾಡಿ ಹೊಡೆಯುತ್ತಿದ್ದವ ನಾನು. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಇದು ಹುಲ್ಲಪ್ಪನ ಕಥೆ.

ಹುಲ್ಲಪ್ಪ ಹುನಗುಂದ ಕಡೆಯವ. ಹಾಲುಮತದ ಮನೆ, ಬೀರಪ್ಪನ ಒಕ್ಕಲು. ಅಪ್ಪ ಅಮಸಿದ್ದಪ್ಪ ಕುರಿ ಕಾಯುತ್ತಿದ್ದ, ಕಂಬಳಿ ನೇಯುತ್ತಿದ್ದ. ಮಗನಿಗೂ ಅದನ್ನೇ ಕಲಿಸಿದ. ಹುಲ್ಲಪ್ಪನದು ಎತ್ತರದ ಮೈ, ದೊಡ್ಡ ದನಿ, ಸಣ್ಣ ತಾಳ್ಮೆ. ಹೆಗಲ ಮೇಲೆ ಕಂಬಳಿ ಹೊತ್ತು ಇಳಕಲ್ಲು, ಬಾದಾಮಿ, ಬಾಗಲಕೋಟೆ ಸಂತೆಗೆ ತಿರುಗುತ್ತಿದ್ದ. ಗಿರಾಕಿ ಕಂಬಳಿಯನ್ನು ಎಳೆದು ನೋಡಿ ಬಾಯಿ ಓರೆ ಮಾಡಿದರೆ ಕಸಿದುಕೊಂಡು ಮಡಚಿ ಇಟ್ಟುಬಿಡುತ್ತಿದ್ದ. “ನಿನಗ ಕಂಬಳಿ ಬ್ಯಾಡ, ಹೆಂಡ್ತಿ ಸೆರಗು ಹೊಚ್ಚಿಕೊಂಡು ಮಲಗು ಹೋಗು” ಅನ್ನುತ್ತಿದ್ದ. ಇಂಥವನ ವ್ಯಾಪಾರ ಎಷ್ಟು ನಡೆದೀತು?

ಊರಿಗೆ ದೊಡ್ಡ ಜ್ವರ ಬಂದು ಮನೆಮನೆಗೆ ಹೆಣ ಎದ್ದು ಹೋದ ಮೇಲಿನ ವರ್ಷಗಳು ಅವು. ಯಂಕಪ್ಪ ಸಾವಕಾರ ಮುಂಬಯಿಯಿಂದ ಯಂತ್ರ ತರಿಸಿ ಬರ್ಫು ಮಾಡಿಸಲು ಶುರು ಮಾಡಿದ್ದ. ಸೋಡಾ ಅಂಗಡಿಗೆ, ದವಾಖಾನೆಗೆ, ಮುಸಾಫರಿ ಬಂಗಲೆಗೆ ಬರ್ಫು ಹೋಗುತ್ತಿತ್ತು. ಕಟ್ಟಿಗೆ ಹೊಟ್ಟಿನಲ್ಲಿ ಹೂತು ಕಳಿಸಿದರೂ ಬಾದಾಮಿ ಮುಟ್ಟುವುದರೊಳಗೆ ಅರ್ಧ ನೀರು. ಒಂದು ಸಲ ಹುಲ್ಲಪ್ಪ ಸ್ಟೇಶನ್ನಿನಲ್ಲಿ ನಿಂತು ಇದನ್ನು ನೋಡಿದ. ಹೆಗಲ ಮೇಲಿನ ಕಂಬಳಿ ತೆಗೆದು ಬರ್ಫಿನ ಗಡ್ಡೆಗೆ ಸುತ್ತಿದ. ಪ್ಲಾಟಫಾರ್ಮಿನ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಲೇ ಹುಲ್ಲ್ಯಾ, ಬರ್ಫಕ್ಕ ಥಂಡಿ ಹತ್ತೈತೇನು?”

“ಹೌದಲೇ. ನಿಮ್ಮಪ್ಪಗ ಹತ್ತಿದಂಗ.”

ಆ ಗಡ್ಡೆ ಬಾದಾಮಿಗೆ ಗಡ್ಡೆಯಾಗೇ ಇಳಿಯಿತು. ಸಾವಕಾರ ಇದ್ದ ಕಂಬಳಿಯನ್ನೆಲ್ಲ ಕೊಂಡ, ಕಂಬಳಿಯ ಜೋಡಿ ಹುಲ್ಲಪ್ಪನನ್ನೂ ಇಟ್ಟುಕೊಂಡ. ಹುಲ್ಲಪ್ಪ ಹೆಂಡತಿ ರೇಣವ್ವನನ್ನು, ಮಗಳು ಸಾವಂತ್ರವ್ವನನ್ನು ಕರೆದುಕೊಂಡು ಬಂದು ಕಾರಖಾನೆಯ ಹಿಂದಿನ ಓಣಿಯಲ್ಲೇ ಮನೆ ಹಿಡಿದ. ಕಾರಖಾನೆಯ ಗೋಡೆ ದಾಟಿದರೆ ಅವನ ಹಿತ್ತಲು.

ಯಂತ್ರದ ಕೋಣೆಯ ಉಸ್ತುವಾರಿ ಗೌಸಸಾಬನದು. ಸೊಲ್ಲಾಪುರದಲ್ಲಿ ಇಂಜಿನ್ ಕೆಲಸ ಕಲಿತು ಬಂದವ. ಅವನ ತಾಯಿ ಗುಲಾಬಬಿ ಓಣಿಯ ಸೂಲಗಿತ್ತಿ, ಓಣಿಯ ಅರ್ಧ ಮಂದಿ ಆಕೆಯ ಕೈಯಲ್ಲೇ ಹುಟ್ಟಿದವರು. ಹುಲ್ಲಪ್ಪನೂ ಗೌಸಸಾಬನೂ ದಿನಾ ಜಗಳಾಡುತ್ತಿದ್ದರು, ದಿನಾ ಒಂದೇ ಚಿಲುಮೆ ಸೇದುತ್ತಿದ್ದರು.

ಯಂತ್ರದ ಹಕೀಕತ್ತು ಇಷ್ಟೇ. ಉಪ್ಪುನೀರಿನ ತೊಟ್ಟಿಯೊಳಗೆ ಕಬ್ಬಿಣದ ಪೈಪು ಸುತ್ತಿರುತ್ತವೆ. ಅವುಗಳೊಳಗೆ ಒಂದು ಹವಾ ಓಡಾಡುತ್ತದೆ. ಕಲಾಯಿ ಹಾಕುವವ ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಮೂಗಿಗೆ ಗುದ್ದಿದ ಹಾಗೆ ಒಂದು ಘಾಟು ಬರುತ್ತದಲ್ಲ, ಅದೇ ಘಾಟಿನ ಹವಾ. ಅದಕ್ಕೇ ಓಣಿಯವರು ನವಸಾಗರದ ಹವಾ ಅನ್ನುತ್ತಿದ್ದರು. ಇಂಜಿನ್ನು ಪಂಪು ತಿರುಗಿಸುತ್ತದೆ, ಪಂಪು ಆ ಹವಾ ಎಳೆದು ಒತ್ತುತ್ತದೆ. ಬಾವಿ ನೀರು ಬಿದ್ದು ತಂಪಾಗಿ ಹವಾ ನೀರಾಗುತ್ತದೆ, ಒಂದು ಕಬ್ಬಿಣದ ಹಂಡೆಯಲ್ಲಿ ಕೂಡುತ್ತದೆ, ಅಲ್ಲಿಂದ ಮತ್ತೆ ತೊಟ್ಟಿಯ ಪೈಪಿಗೆ ಹೋಗುತ್ತದೆ. ಹೊರಗೆ ಬಿಡದಿದ್ದರೆ ಅದೇ ಹವಾ ವರ್ಷಾನುಗಟ್ಟಲೆ ದುಡಿಯುತ್ತದೆ. ಹೊರಗೆ ಬಂದರೆ ಕಣ್ಣು ಸುಡುತ್ತದೆ, ಎದೆ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಸಿಕ್ಕವನ ಜೀವವನ್ನೇ ತೆಗೆಯುತ್ತದೆ.

ಸೋರುತ್ತಿದ್ದದ್ದು ಪೈಪು ಕೂಡುವ ಜಾಗಗಳಲ್ಲಿ. ಪೈಪಿನ ಎರಡು ತುದಿಗಳ ನಡುವೆ ಸೀಸದ ಉಂಗುರ ಕೂರಿಸಿ ಬಿಗಿಯಬೇಕು. ಸೀಸ ಹಳೆಯದಾದರೆ ಬದಲಿಸಬೇಕು. ಬದಲಿಸಬೇಕೆಂದರೆ ಬರ್ಫು ನಿಲ್ಲಿಸಬೇಕು. ಬೇಸಿಗೆಯಲ್ಲಿ ಬರ್ಫು ನಿಲ್ಲಿಸುವುದೆಂದರೆ ಸಾವಕಾರನ ಕರುಳಿಗೆ ಕೈ ಹಾಕಿದಂತೆ. “ಮಳಿಗಾಲ ಬರಲಿ ಗೌಸಸಾಬ” ಅನ್ನುತ್ತಿದ್ದ. ಮಳೆಗಾಲ ಬಂದರೆ ದೀಪಾವಳಿ ಅನ್ನುತ್ತಿದ್ದ.

ಗೌಸಸಾಬ ನೂಲಿನ ಎಳೆಯನ್ನು ಕರಗಿದ ಗಂಧಕದಲ್ಲಿ ಅದ್ದಿ ಒಣಗಿಸಿ ಇಟ್ಟಿರುತ್ತಿದ್ದ. ಅದಕ್ಕೆ ಬೆಂಕಿ ಹಚ್ಚಿ ಪೈಪಿನ ಗುಂಟ ಹಿಡಿದುಕೊಂಡು ಹೋದರೆ, ಹವಾ ಸೋರುವ ಜಾಗದಲ್ಲಿ ಬೆಳ್ಳಗೆ ದಟ್ಟ ಹೊಗೆ ಏಳುತ್ತದೆ. ಆ ಬೇಸಿಗೆಯಲ್ಲಿ ಎಲ್ಲಿ ಹಿಡಿದರೂ ಹೊಗೆಯೇ.

“ಇದೇನು ಯಂತ್ರೋ ಊದಿನಕಡ್ಡಿ ಅಂಗಡಿಯೋ?” ಎಂದು ಗೌಸಸಾಬ ಬೈದ.

ಆಗ ಹುಲ್ಲಪ್ಪನಿಗೆ ಒಂದು ಹಿಕಮತ್ತು ಹೊಳೆಯಿತು. ಕಂಬಳಿ ನೇದ ಮೇಲೆ ನಮ್ಮ ಕಡೆ ಹುಣಸೆಬೀಜದ ಗಂಜಿ ಹೊಡೆಯುತ್ತಾರೆ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ ರುಬ್ಬಿ ಕುದಿಸಿದ ಗಂಜಿ. ಅದು ಒಣಗಿದರೆ ಕಂಬಳಿ ಹಲಗೆಯಾಗುತ್ತದೆ, ಮಳೆ ಹನಿ ಒಳಗೆ ಇಳಿಯುವುದಿಲ್ಲ. ಕಂಬಳಿಯವನ ಮನೆಯಲ್ಲಿ ಬಿರಿದದ್ದಕ್ಕೆಲ್ಲ ಅದೇ ಔಷಧ. ಮಡಕೆ ಸೀಳಿದರೂ ಗಂಜಿ, ಬುಟ್ಟಿ ತೂತಾದರೂ ಗಂಜಿ. ಹುಲ್ಲಪ್ಪ ಒಂದು ಗಡಿಗೆ ಗಂಜಿ ಕುದಿಸಿ ತಂದು, ಉಣ್ಣೆ ಕಲಸಿ, ಪೈಪು ಕೂಡುವ ಒಂದೊಂದು ಜಾಗಕ್ಕೂ ಮೆತ್ತಿದ.

“ಇದು ನಿಂದರಂಗಿಲ್ಲಲೇ” ಎಂದ ಗೌಸಸಾಬ.

“ಮಳಿ ನಿಂತೈತಿ, ನಿನ್ನ ಹವಾ ನಿಂದ್ರೂದಿಲ್ಲ? ಸುಮ್ಕ ನೋಡು.”

ಪೈಪಿನ ಮೇಲೆ ಮೊದಲೇ ಹಿಮ ಕಟ್ಟಿತ್ತು. ಗಂಜಿ ಆ ಥಂಡಿಗೆ ಕಲ್ಲಾಯಿತು. ಗಂಧಕದ ನೂಲು ಹಿಡಿದರೆ ಹೊಗೆ ಇಲ್ಲ! ಸಾವಕಾರ ಬಂದು ನೋಡಿ, ಮೂಗಿಗೆ ಹಿಡಿದ ಅರಿವೆ ತೆಗೆದು ಉಸಿರೆಳೆದು, ಹುಲ್ಲಪ್ಪನ ಬೆನ್ನು ತಟ್ಟಿದ. “ತುಳಸಿಗೇರಿ ಹನಮಪ್ಪನ ಆಣಿ, ಮುಂಬಯಿ ಇಂಜಿನಿಯರ ನಿನ್ನ ಮುಂದ ನೀರು ಹೊರಬೇಕು” ಎಂದ. ಸೀಸದ ಮಾತು ಅಲ್ಲಿಗೆ ಸತ್ತಿತು. ಹುಲ್ಲಪ್ಪ ಒಂದು ತಿಂಗಳು ಎದೆ ಉಬ್ಬಿಸಿಕೊಂಡು ತಿರುಗಿದ. ಅವನನ್ನು ನೋಡಿ ನಾನೂ ಎತ್ತಿನ ಕೊರಳ ಹಗ್ಗಕ್ಕೆ ಗಂಜಿ ಹಚ್ಚಿದೆ. ಎತ್ತು ಅದನ್ನು ನೆಕ್ಕಿ ತಿಂದಿತು.

ಇನ್ನು ಮುಂದಿನದು ನಮ್ಮ ಊರಿನ ರೀತಿಯಿಂದ ಆದದ್ದು. ಅಮಾವಾಸ್ಯೆಗೆ ನಾವು ಎತ್ತು ಹೂಡುವುದಿಲ್ಲ, ಮಗ್ಗ ಬಡಿಯುವುದಿಲ್ಲ. ಆ ಬೇಸಿಗೆಯಲ್ಲಿ ಸಾವಕಾರನಿಗೂ ಭಕ್ತಿ ಬಂತು. ಯಂತ್ರಕ್ಕೂ ಅಮಾವಾಸ್ಯೆ ಬಿಡುವು ಕೊಟ್ಟು, ಇಂಜಿನ್ನಿಗೆ ಕಾಯಿ ಒಡೆಸಿ, ಕೋಣೆಗೆ ಕೀಲಿ ಹಾಕಿಸಿದ. ನಿಂತ ಯಂತ್ರದ ಪೈಪು ಬಿಸಿಲಿಗೆ ಕಾದವು. ಹಿಮ ಕರಗಿತು, ಹಿಮದ ಜೋಡಿ ಗಂಜಿಯೂ ಕರಗಿ ಲೋಳೆಯಾಯಿತು. ಒಳಗಿನ ಹವಾ ಹಿಗ್ಗಿ ಅದನ್ನು ತಳ್ಳಿಕೊಂಡು ಹೊರಬಿತ್ತು. ಮರುದಿನ ಬೆಳಿಗ್ಗೆ ಗೌಸಸಾಬ ಕೀಲಿ ತೆಗೆದು ಒಳಗೆ ಕಾಲಿಟ್ಟ. ಕಾಲಿಟ್ಟವ ಚೀರುತ್ತ ಹೊರಗೆ ಬಿದ್ದ.

ಗುಲಾಬಬಿ ಓಡಿ ಬಂದು ಮಗನ ಕಣ್ಣು ಬಿಡಿಸಿ ಬಿಂದಿಗೆ ಮೇಲೆ ಬಿಂದಿಗೆ ನೀರು ಹೊಯ್ದಳು. ಬಲಗಣ್ಣಿಗೆ ಬೆಳಕು ಹೊಳ್ಳಿ ಬಂತು. ಎಡಗಣ್ಣು ಹಾಲಿನಂತೆ ಬಿಳುಚಿತು.

ಹುಲ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಪೈಪಿನಿಂದ ಇಳಿದ ಗಂಜಿ ನೆಲದ ಮೇಲೆ ಜಿಗಟು ಜಿಗಟಾಗಿ ಬಿದ್ದಿತ್ತು. ಅದನ್ನು ನೋಡಿದ, ಗೌಸಸಾಬನ ಕಣ್ಣು ನೋಡಿದ.

ಅಷ್ಟರಲ್ಲಿ ಸಾವಕಾರ ಬಂದ. ಮರುದಿನ ಬಾದಾಮಿ ಬಂಗಲೆಗೆ ಯಾರೋ ದೊಡ್ಡ ಸಾಹೇಬರು ಬರುವವರಿದ್ದರು, ಸಂಜೆಯ ಗಾಡಿಗೆ ಬರ್ಫು ಹೋಗಬೇಕಿತ್ತು. ಪೈಪಿನಲ್ಲಿ ಇನ್ನೂ ಹವಾ ಉಳಿದಿತ್ತು, ಸುಯ್ ಎಂದು ಸೋರುತ್ತಲೇ ಇತ್ತು. ಅದು ಖಾಲಿಯಾಗದೆ ಪೈಪು ಬಿಚ್ಚುವಂತಿಲ್ಲ. ಹಿಂದಿನ ಗೋಡೆಯಲ್ಲಿ ಓಣಿಯ ಕಡೆಗೆ ಹವಾ ಹೊರಗೆ ಬಿಡುವ ಒಂದು ಬಿಡುಗೊಳವಿ ಇತ್ತು. ಅದರ ವಾಲ್ವು ಇದ್ದದ್ದು ಅಂಗಳದಲ್ಲಿ, ಕೋಣೆಯೊಳಗೆ ಹೋಗದೇ ತಿರುವಬಹುದಿತ್ತು.

“ಹವಾ ಅಷ್ಟೂ ಹಿಂದಕ್ಕ ಬಿಟ್ಟುಬಿಡ್ರಿ” ಎಂದ ಸಾವಕಾರ. “ಹವಾದ ಹೊಸಾ ಸಿಲಿಂಡರ ಬಂದು ಬಿದ್ದೈತಿ. ಸೋರೂ ಪೈಪ ಬಿಗದು, ತುಂಬಿ, ಮಧ್ಯಾಹ್ನಕ್ಕ ಚಾಲೂ ಮಾಡ್ರಿ.”

ಹುಲ್ಲಪ್ಪ ತಲೆ ಎತ್ತಿದ. “ಹಿಂದಕ್ಕ ಅಂದ್ರ ಎಲ್ಲಿಗ್ರಿ?”

“ಹಿಂದಕ್ಕ ಅಂದ್ರ ಓಣಿಗೆ. ಮಂದಿ ಒಂದು ತಾಸು ಹೊಳಿ ಕಡೆ ಹೋಗಿ ಕೂಡ್ಲಿ.”

“ನನ್ನ ಮಗಳು ಹಡದು ಮಲಗ್ಯಾಳ್ರಿ.”

ಹೌದು. ಸಾವಂತ್ರವ್ವ ಚೊಚ್ಚಲಕ್ಕೆ ತವರಿಗೆ ಬಂದಿದ್ದಳು. ಹೆತ್ತದ್ದು ಮೊನ್ನೆಯಷ್ಟೇ. ಐದನೇ ದಿನ, ಕೂಸಿನ ಹಣೆಬರಹ ಬರೆಯುವ ಸಟವಿಯ ಪೂಜೆ ಆಗುವ ತನಕ ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ಕೂಸಿಗೆ ಹೊರಗಿನ ಗಾಳಿ ತಾಕುವಂತಿಲ್ಲ. ಬಿಡುಗೊಳವಿಯ ಬಾಯಿ ಇದ್ದದ್ದು ಆ ಬಾಣಂತಿ ಕೋಣೆಯ ಗವಾಕ್ಷಿಗೆ ಸರಿಯಾಗಿ ಎದುರು.

“ಎತ್ತಿಕೊಂಡು ಹೋಗ್ರಿ. ಒಂದು ತಾಸಿಗೆ ಏನಾಕ್ಕೈತಿ? ದೇವರು ತಿಳಕೊಂತಾನ.”

“ದೇವರು ತಿಳಕೊಂತಾನ್ರಿ. ನಾ ತಿಳಕೊಳ್ಳಂಗಿಲ್ಲ.”

ಓದಿದವರು ಈ ಜಾಗದಲ್ಲಿ ನಗುತ್ತಾರೆ. ಮೂಢರು, ಬಾಣಂತಿಯನ್ನು ಎತ್ತಿ ಆಚೆ ಇಟ್ಟಿದ್ದರೆ ಮುಗಿಯುತ್ತಿತ್ತು ಅನ್ನುತ್ತಾರೆ. ನಾ ಕೇಳುತ್ತೇನೆ: ಸಾವಕಾರ ಸೀಸ ತರಿಸಲಿಲ್ಲ ಅಂತ ಬಾಣಂತಿ ಯಾಕೆ ಹೊಸ್ತಿಲು ದಾಟಬೇಕು? ಯಾರ ತಪ್ಪಿಗೆ ಯಾರ ಮನೆ ಖಾಲಿಯಾಗಬೇಕು? ಆಕೆಯೊಬ್ಬಳೇ ಅಲ್ಲ, ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದರು, ಗೂಟಕ್ಕೆ ಕಟ್ಟಿದ ದನಗಳಿದ್ದವು. ಅವಕ್ಕೆ ಹೊಳೆಯ ದಾರಿ ಯಾರು ತೋರಿಸುವವರು?

ಸಾವಕಾರ ತಾನೇ ವಾಲ್ವಿನ ಕಡೆ ನಡೆದ. ಹುಲ್ಲಪ್ಪ ಮೊದಲು ಮುಟ್ಟಿದ. ವಾಲ್ವಿನ ಚಕ್ರ ಬಿಚ್ಚಿ ನಡುವಿಗೆ ಸಿಗಿಸಿ ಪಂಜೆ ಬಿಗಿದ.

“ಕೊಡಲೇ ಅದನ್ನ!”

“ತಗೋರಿ ಬರ್ರಿ.”

ಸಾವಕಾರ ಅವನ ಎತ್ತರ ನೋಡಿದ, ತನ್ನ ಧೋತ್ರ ನೋಡಿಕೊಂಡ, ನಿಂತುಬಿಟ್ಟ. “ಗಂಜಿ ಬಡದವ ನೀನು! ಗೌಸಸಾಬನ ಕಣ್ಣ ಕಳದವ ನೀನು! ಈಗ ನನಗ ಬುದ್ಧಿ ಹೇಳತೀಯೇನು?”

ಆ ಮಾತು ಹುಲ್ಲಪ್ಪನಿಗೆ ನಟ್ಟಿತು. ಮುಖ ಕಪ್ಪಾಯಿತು. ಆದರೆ ಚಕ್ರ ತೆಗೆದು ಕೊಡಲಿಲ್ಲ. “ಗಂಜಿ ನಂದು. ಅದಕ್ಕ ಒಳಗ ನಾನಾ ಹೋಗ್ತೇನಿ. ಓಣಿ ನಂದಲ್ಲ, ಅದನ್ನ ನಾ ನಿಮಗ ಕೊಡೂದಿಲ್ಲ.”

ಬೇವಿನ ಗಿಡದ ಕೆಳಗೆ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಗೌಸಸಾಬ ಅಲ್ಲಿಂದಲೇ ಕೂಗಿದ. “ಹೊರಗ ಬಿಡಬ್ಯಾಡ್ರಿ, ಒಳಗ ಎಳೀರಿ. ಹಂಡ್ಯಾದ ಮುಂದಿನ ವಾಲ್ವ ಮುಚ್ಚಿ ಪಂಪ ನಡಸಿದ್ರ ಪೈಪಿನ ಹವಾ ಎಲ್ಲಾ ಹಂಡ್ಯಾಕ್ಕ ಬಂದು ಕೂಡತೈತಿ. ಆಮ್ಯಾಲೆ ಪೈಪ ಬಿಚ್ಚಿ ಹೊಸಾ ಸೀಸಾ ಕೂಡಸ್ರಿ. ಒಂದು ಗುಟುಕು ಹೊರಗ ಹೋಗೂದಿಲ್ಲ.”

“ಎಷ್ಟು ಹೊತ್ತು?” ಎಂದ ಸಾವಕಾರ.

“ಪೈಪಿನ ಎಲ್ಲಾ ಜೋಡ ಬಿಚ್ಚಿ ಕಟ್ಟಾಕ ನಾಳಿ ತನಕ.”

“ನಾಳಿ ತನಕ? ಸಾಹೇಬ್ರಿಗೆ ಬಿಸಿನೀರು ಕಳಸ್ಲೇನು?”

ಗೋಡೆಯಾಚೆಯಿಂದ ಗುಲಾಬಬಿಯ ದನಿ ಬಂತು. ಯಾವಾಗಲೋ ಹೋಗಿ ಓಣಿಯಲ್ಲಿ ಬಿಡುಗೊಳವಿಯ ಬಾಯಿಯ ಕೆಳಗೆ ಚಾಪೆ ಹಾಸಿ ಕೂತಿದ್ದಳು. ಆಕೆಯ ಸುತ್ತ ರೇಣವ್ವ, ಓಣಿಯ ಹೆಂಗಸರು.

“ಯಂಕಪ್ಪಾ! ನೀ ಹುಟ್ಟಿದಾಗ ಉಸರಾಡಲಿಲ್ಲಪಾ. ಕಾಲ ಹಿಡದು ತೂಗಿ ಅಂಡಿನ ಮ್ಯಾಲೆ ಬಡದು ಉಸರಾಡ್ಸಿದಾಕಿ ನಾನು. ಬಿಡು, ಈಗ ನನ್ನ ಉಸರ ನಿಂದರಸು!”

ಹೆಂಗಸರು ನಕ್ಕರು. ಅಂಗಳದಲ್ಲಿದ್ದ ನಾವೂ ನಕ್ಕೆವು. ಸಾವಕಾರನ ಕಿವಿ ಕೆಂಪಾದವು. ಅವನಿಗೆ ಹವಾದ ಘಾಟಿಗಿಂತ ಆ ನಗು ಹೆಚ್ಚು ತಾಕಿತು. “ಎಲ್ಲಾ ಹಾಳಾಗಿ ಹೋಗ್ರಿ” ಎಂದು ಅಂಗಳದಂಚಿನ ತನ್ನ ಲೆಕ್ಕದ ಗದ್ದಿಗೆಗೆ ಹೋಗಿ ಕೂತ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನಾವು ಹೂಂ ಅಂತಲೇ ಹಿಡಿದೆವು.

ಬಾಗಿಲು ಕಿಟಕಿ ಎಲ್ಲ ತೆರೆದೆವು. ಹುಲ್ಲಪ್ಪ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿ ಒಳಗೆ ಹೋದ. ಈ ಹವಾ ನೀರು ಕಂಡರೆ ಅದರೊಳಗೆ ಮುಳುಗುತ್ತದೆ ಎಂದು ಗೌಸಸಾಬ ಹೇಳಿದ್ದ. ಅದಕ್ಕೇ ಕಂಬಳಿ ನೆನೆಸಿ ಪೈಪು ಕೂಡುವ ಸೋರುವ ಜಾಗಕ್ಕೆಲ್ಲ ಸುತ್ತಿದೆವು. ಹೆಂಗಸರು ಬಾವಿಯಿಂದ ಅಂಗಳದ ತನಕ ಸಾಲುಗಟ್ಟಿ ನಿಂತು ಕೊಡ ಸಾಗಿಸಿದರು. ಘಾಟು ಕುಡಿದ ಕಂಬಳಿ ಹೊರಗೆ, ತಾಜಾ ನೆಂದದ್ದು ಒಳಗೆ. ಹುಲ್ಲಪ್ಪ ಆಗಾಗ ಕಿಟಕಿಗೆ ಬಂದು ಕೆಮ್ಮಿ, ಕಣ್ಣು ತೊಳೆದುಕೊಂಡು, ಮತ್ತೆ ಒಳಗೆ ಹೋಗುತ್ತಿದ್ದ. ಇಂಜಿನ್ ಹೊಡೆದುಕೊಳ್ಳುತ್ತಿತ್ತು.

ಗೌಸಸಾಬ ಗೋಡೆ ಹಿಡಿದು ಬಂದು ಕಿಟಕಿಯ ಕೆಳಗೆ ಕೂತ. ಪೈಪಿನಲ್ಲಿ ಹವಾ ಎಷ್ಟು ಉಳಿದಿದೆ ಎಂದು ತೋರಿಸುವ ಗಡಿಯಾರದಂಥ ಮಾಪನ ಒಳಗಿತ್ತು. “ಮುಳ್ಳು ಎಲ್ಲೈತಲೇ?”

“ನನಗ ಅಂಕಿ ಓದಾಕ ಬರಂಗಿಲ್ಲ ಅಂತ ಗೊತ್ತಿದ್ದೂ ಕೇಳತೀಯಲ್ಲ!”

“ಇಳದೈತೋ ಏರೈತೋ, ಅಷ್ಟ ಹೇಳಲೇ ಕುರುಬಾ.”

“ಆಗಿಗಿಂತ ಒಂದು ಬಟ್ಟ ಇಳದೈತಿ.”

“ಹಂಗಾರ ನಡಸು. ಸಾವಕಾಶ ನಡಸು. ಇಂಜಿನ ನಿಮ್ಮ ಟಗರಲ್ಲ, ಗುದ್ದಸಬ್ಯಾಡ.”

ಮುಳ್ಳು ತಳಕ್ಕೆ ಕೂತಾಗ ನಾ ಗಂಧಕದ ನೂಲು ಹಚ್ಚಿ ಪೈಪು ಕೂಡುವ ಒಂದೊಂದು ಜಾಗಕ್ಕೂ ಹಿಡಿದೆ. ಮೊದಲು ದಟ್ಟಗಿದ್ದ ಹೊಗೆ ಎಳೆಯಷ್ಟಾಗಿತ್ತು. ಇನ್ನಷ್ಟು ಹೊತ್ತು ನಡೆಸಿದ ಮೇಲೆ ಅದೂ ಇಲ್ಲ. ಹಂಡೆಯ ವಾಲ್ವುಗಳನ್ನು ಬಿಗಿದು ಇಂಜಿನ್ ನಿಲ್ಲಿಸಿದೆವು. ಹುಲ್ಲಪ್ಪ ಹೊರಗೆ ಬಂದು ಅಂಗಳದಲ್ಲಿ ಅಂಗಾತ ಬಿದ್ದುಕೊಂಡ. ಆಮೇಲೆ ಪೇಟೆಯಿಂದ ಸೀಸ ತಂದು, ಬಡಿದು, ಉಂಗುರ ಮಾಡಿ, ಹಳೆಯ ಗಂಜಿಯನ್ನು ಉಗುರಿನಿಂದ ಕೆರೆದು ತೆಗೆದು, ಒಂದೊಂದೇ ಕೂರಿಸಿದೆವು. ಕೆರೆಯುವ ಕೆಲಸ ಹುಲ್ಲಪ್ಪ ಯಾರಿಗೂ ಬಿಡಲಿಲ್ಲ.

ಬಾದಾಮಿ ಗಾಡಿ ಬರ್ಫಿಲ್ಲದೆ ಹೋಯಿತು. ಓಣಿಯಲ್ಲಿ ಸಟವಿಯ ಪೂಜೆ ಆಯಿತು. ಸಾವಂತ್ರವ್ವ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಬಿಸಿಲಿಗೆ ಬಂದಳು. ಅದೇ ದಿನ ಸಾವಕಾರ ಹುಲ್ಲಪ್ಪನನ್ನು ಕೆಲಸದಿಂದ ತೆಗೆದ.

ಹುಲ್ಲಪ್ಪ ಗೌಸಸಾಬನ ಮನೆಗೆ ಹೋದ. ನಾನೂ ಜೊತೆಗಿದ್ದೆ. ಬಾಗಿಲಲ್ಲಿ ನಿಂತು ಹೇಳಿದ, “ಗೌಸಣ್ಣಾ, ತಪ್ಪ ನಂದು. ನೀ ನಿಂದರಂಗಿಲ್ಲ ಅಂದಿ, ನಾ ಕೇಳಲಿಲ್ಲ. ನಿನ್ನ ಕಣ್ಣ ನಾ ತಿಂದೆ.”

ಗೌಸಸಾಬ ಒಳ್ಳೆಯ ಕಣ್ಣಿನಿಂದ ಅವನನ್ನು ನೋಡಿದ. ಸಿಟ್ಟು ಇತ್ತು. ಇರಬೇಕಲ್ಲ. ಆಮೇಲೆ ಚಿಲುಮೆ ಮುಂದಕ್ಕೆ ತಳ್ಳಿದ. “ನಿನ್ನ ಮಾರಿ ನೋಡಾಕ ಒಂದು ಕಣ್ಣ ಹೆಚ್ಚಾತು. ಕೂಡು ಬಾರಲೇ.”

ಹುಲ್ಲಪ್ಪ ಮತ್ತೆ ಮಗ್ಗ ಹೂಡಿದ. ಮುಂದಿನ ಅಮಾವಾಸ್ಯೆ ಬಂತು, ಯಂತ್ರ ನಿಂತಿತು. ಮರುದಿನ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಹೊತ್ತಿಗೆ ಹುಲ್ಲಪ್ಪ ಕಾರಖಾನೆಯ ಬಾಗಿಲಿಗೆ ಬಂದು ನಿಂತ. ಹಿಂದೆ ಗುಲಾಬಬಿ, ರೇಣವ್ವ, ಅರ್ಧ ಓಣಿ.

“ಏನಲೇ? ಕೆಲಸ ಕೇಳಾಕ ಬಂದೀಯೇನು?” ಎಂದ ಸಾವಕಾರ. ಅವನಿಗೂ ಆಳು ಬೇಕಾಗಿತ್ತು, ಒಂಟಿಗಣ್ಣಿನ ಗೌಸಸಾಬ ಒಬ್ಬನಿಂದ ಆಗುತ್ತಿರಲಿಲ್ಲ. “ಮಂದಿ ಮುಂದ ತಪ್ಪಾತು ಅನ್ನು, ಒಳಗ ಬಾ.”

“ತಪ್ಪಾತು ಅಂತ ಯಾರಿಗೆ ಅನ್ನಬೇಕೋ ಅವರಿಗೆ ಅಂದು ಬಂದೇನ್ರಿ. ಕೆಲಸ ಬ್ಯಾಡ. ಇವತ್ತಿನಿಂದ ಅಮಾಸಿ ಮರುದಿನ ಓಣಿಯವರೊಬ್ಬರು ಒಳಗ ಹೋಗಿ ಗಂಧಕ ಹಚ್ಚಿ ಎಲ್ಲಾ ಜೋಡ ನೋಡಬೇಕು. ಹೊಗಿ ಬಂದ್ರ ಇಂಜಿನ ಚಾಲೂ ಇಲ್ಲ. ಸೀಸಾ ಬದಲಾಗಬೇಕು.”

“ನನ್ನ ಕಾರಖಾನಿಯೊಳಗ ನಿಂದೇನಲೇ ಹುಕುಮು?”

“ಕಾರಖಾನಿ ನಿಮ್ಮದು. ಮೂಗು ನಮ್ಮದು.”

ಸಾವಕಾರ ನನ್ನ ಕಡೆ ತಿರುಗಿ ಅಮಾವಾಸ್ಯೆಗೆ ಹೋಗದೆ ಉಳಿದ ಬರ್ಫು ಹೇರು ಎಂದ. ನಾ ನೊಗ ಇಳಿಸಿ ಕೊಳ್ಳು ಹರಿದೆ. ಎತ್ತುಗಳನ್ನು ಬೇವಿನ ಗಿಡಕ್ಕೆ ಕಟ್ಟಿ, ಹುಲ್ಲು ಹಾಕಿ, ಗಾಡಿಯ ಮೇಲೆ ಕೂತೆ. ಗೌಸಸಾಬ ಇಂಜಿನ್ನಿನ ಹಿಡಿಕೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ, ಒಳಗೆ ಹೋಗಲಿಲ್ಲ. ಬರ್ಫು ಹೊಟ್ಟಿನೊಳಗಿಂದ ಹನಿ ಹನಿ ಕರಗಿ ಅಂಗಳಕ್ಕೆ ಹರಿಯಿತು. ಸಾವಕಾರ ಆ ನೀರನ್ನೇ ನೋಡುತ್ತ ಕೂತ. ನೀರು ಅವನ ಗದ್ದಿಗೆಯ ಮೆಟ್ಟಿಲು ಮುಟ್ಟಿದಾಗ ಎದ್ದ.

“ಹೋಗ್ರಿ. ಯಾರು ಹೋಗಿ ಸಾಯ್ತೀರಿ ಸಾಯ್ರಿ.”

ಗುಲಾಬಬಿ ಸೆರಗು ಬಿಗಿದು, ಉರಿಯುವ ನೂಲು ಹಿಡಿದು ಒಳಗೆ ಹೋದಳು. ಪೈಪು ಕೂಡುವ ಒಂದು ಜಾಗದಲ್ಲಿ ಬೆಳ್ಳಗೆ ಹೊಗೆ ಎದ್ದಿತು. ಹೊಸ ಸೀಸ ಬೀಳುವ ತನಕ ಹುಲ್ಲಪ್ಪ ಬಾಗಿಲು ಬಿಟ್ಟು ಅಲುಗಲಿಲ್ಲ. ಆಮೇಲೆ ಯಾರಿಗೂ ಕೈ ಮುಗಿಯದೆ, ತಲೆಗೆ ರುಮಾಲು ಸುತ್ತಿಕೊಂಡು ಮಗ್ಗಕ್ಕೆ ಹೋದ.